ಅಲೆಕ್ಸಾಂಡರನ ಸಮಾಧಿ ಪೇಟೆಯ ನಡುವೆಯೇ ಇತ್ತಲ್ಲಾ, ಮತ್ತೆ ಕಳೆದುಹೋದದ್ದು ಹೇಗೆ?

ಪೆರ್ಲದ ಓದುಗ:

ನಮಸ್ಕಾರ ಎಲ್ರಿಗೂ. ಒಂದು ಪ್ರಶ್ನೆ ಬಹಳ ಸಮಯದಿಂದ ತಲೆಯಲ್ಲಿ ಕೂತಿದೆ, ಇಲ್ಲಿ ಚರಿತ್ರೆ ಓದಿಕೊಂಡವರು ಸುಮಾರು ಜನ ಇದ್ದೀರಿ ಅಂತ ಕೇಳ್ತಾ ಇದ್ದೇನೆ. ನಮ್ಮ ಊರಿನ ಲೈಬ್ರರಿಯಲ್ಲಿ ಮಕ್ಕಳಿಗೆ ಚರಿತ್ರೆಯ ಬಗ್ಗೆ ಮಾತಾಡ್ಲಿಕ್ಕುಂಟು, ಅದಕ್ಕೂ ಬೇಕು.

ಚೆಂಗೀಸ್ ಖಾನನ ಗೋರಿ ಸಿಗ್ಲಿಲ್ಲ ಅಂದ್ರೆ ನನಗೆ ಅರ್ಥ ಆಗ್ತದೆ. 1227ರಲ್ಲಿ ಸತ್ತ, ಯಾರಿಗೂ ಗೊತ್ತಾಗಬಾರದು ಅಂತಲೇ ಮಂಗೋಲರು ಹುಗಿದ್ರು, ಗೊತ್ತಿದ್ದವರು ಬಾಯಿ ಬಿಡ್ಲಿಲ್ಲ, ಅಲ್ಲಿಗೆ ಮುಗೀತು. ಹೂಣರ ಅಟ್ಟಿಲನದ್ದೂ ಹಾಗೆಯೇ, 453ರಲ್ಲಿ ಅವನನ್ನು ಚಿನ್ನ ಬೆಳ್ಳಿ ಕಬ್ಬಿಣ ಮೂರರಿಂದಲೂ ಮುಚ್ಚಿ ರಾತ್ರಿಯಲ್ಲಿ ಹುಗಿದ್ರು, ಗುಂಡಿ ತೋಡಿದವರನ್ನು ಕೊಂದ್ರು ಅಂತ ಕತೆ ಉಂಟು. ಅಡಗಿಸಿದ್ದು ಸಿಗುದಿಲ್ಲ, ಸರಿ.

ಆದ್ರೆ ಅಲೆಕ್ಸಾಂಡರನದ್ದು ಹಾಗಲ್ಲ ಅಲ್ವಾ? ಅವನ ದೇಹ ಇದ್ದದ್ದು ಅಲೆಕ್ಸಾಂಡ್ರಿಯಾ ಪಟ್ಟಣದ ಒಳಗೆ, ಅರಮನೆಯ ವಠಾರದಲ್ಲಿ. ಜೂಲಿಯಸ್ ಸೀಸರ್ ಹೋಗಿ ನೋಡಿದ್ದಾನೆ, ಅಗಸ್ಟಸ್ ನೋಡಿದ್ದಾನೆ, ಆಮೇಲೆ ಬಂದ ಚಕ್ರವರ್ತಿಗಳೂ ನೋಡಿದ್ದಾರೆ. ಐನೂರು ವರ್ಷ ಜನ ಹೋಗಿ ಬಂದು ಮಾಡಿದ ಜಾಗ ಅದು. ಅಂಥದ್ದು ಎಲ್ಲಿಗೆ ಹೋಯ್ತು? ಅಡ್ರೆಸ್ ಗೊತ್ತಿರುವ ಸಮಾಧಿ ಕಳೆದುಹೋಗುದು ಅಂದ್ರೆ ಎಂತ ಅಂತಲೇ ನನಗೆ ಹೊಳೀತಾ ಇಲ್ಲ.

ಇನ್ನೊಂದು ಕ್ಲಿಯೋಪಾತ್ರಳದ್ದು. ಸಮಾಧಿ ಸಿಕ್ಕಿಯೇ ಬಿಟ್ಟಿತು ಅಂತ ಯೂಟ್ಯೂಬಿನಲ್ಲಿ ಆಗಾಗ ವಿಡಿಯೋ ಬರ್ತದೆ, ನೋಡಿದ್ರೆ ಒಂದು ಸುರಂಗ ತೋರಿಸಿ ನಿಲ್ಲಿಸ್ತಾರೆ. ಅದರಲ್ಲಿ ನಿಜ ಎಷ್ಟು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಬದಿಯಡ್ಕ ಮಾಷ್ಟ್ರು:

ಓದುಗರೇ, ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವ, ಈ ವಿಷಯ ಬಂದ್ರೆ ನನಗೆ ಚಿಕ್ಕದಾಗಿ ಹೇಳಿ ಮುಗಿಸ್ಲಿಕ್ಕೆ ಮನಸ್ಸು ಬರುದಿಲ್ಲ. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಲ್ಲಿ ಓದಿ.

ಸಮಾಧಿಗೆ ವಾರಸುದಾರ ಬೇಕು. ಬಾಗಿಲು ತೆರೆಸುವವ, ದೀಪಕ್ಕೆ ಎಣ್ಣೆ ಕೊಡುವವ, ಮಾಡು ಸೋರಿದ್ರೆ ರಿಪೇರಿಗೆ ದುಡ್ಡು ಹಾಕುವವ ಇರುವಷ್ಟು ಕಾಲ ಅದು ಇರ್ತದೆ. ನಮ್ಮ ಊರುಗಳಲ್ಲೇ ನೋಡಿ, ಒಂದು ತರವಾಡಿನ ದೈವಸ್ಥಾನ ಉಂಟು, ಕುಟುಂಬದವರೆಲ್ಲ ಬೊಂಬಾಯಿ ದುಬಾಯಿ ಅಂತ ಹೋದ್ರು, ದೀಪ ನಿಂತಿತು, ಬಲ್ಲೆ ಬೆಳೀತು, ಎರಡು ತಲೆಮಾರು ಕಳೆದ ಮೇಲೆ ಪ್ರಶ್ನೆ ಇಟ್ಟು ಜಾಗ ಹುಡುಕುವ ಹಾಗೆ ಆಗ್ತದೆ. ಯಾರೂ ಅಡಗಿಸಿದ್ದಲ್ಲ, ಯಾರೂ ಕೆಡವಿದ್ದೂ ಅಲ್ಲ. ಅಲೆಕ್ಸಾಂಡರನಿಗೂ ಆದದ್ದು ಇದೇ ಅಂತ ನನ್ನ ಅಭಿಪ್ರಾಯ, ಯಾಕೆ ಅಂತ ಹೇಳ್ತೇನೆ.

ಅವ ಸತ್ತದ್ದು ಕ್ರಿ.ಪೂ. 323ರ ಜೂನ್ ತಿಂಗಳಲ್ಲಿ, ಬ್ಯಾಬಿಲೋನಿನಲ್ಲಿ, 32 ವರ್ಷ ಪ್ರಾಯಕ್ಕೆ. ದೇಹ ಸಾಗಿಸುವ ರಥ ತಯಾರು ಮಾಡ್ಲಿಕ್ಕೇ ಹತ್ತಿರ ಹತ್ತಿರ ಎರಡು ವರ್ಷ ಹಿಡೀತು, ಚಿನ್ನದ ಪೆಟ್ಟಿಗೆ, ಕಂಬದ ಸಾಲು, ಎಳೀಲಿಕ್ಕೆ 64 ಹೇಸರಗತ್ತೆ ಅಂತ ಹಳೆ ಕಾಲದ ಗ್ರೀಕ್ ಇತಿಹಾಸಕಾರ ಡಿಯೊಡೊರಸ್ ವಿವರವಾಗಿ ಬರೆದಿದ್ದಾನೆ. ಹೋಗಬೇಕಾದದ್ದು ಮ್ಯಾಸಿಡೋನಿಯಾಕ್ಕೆ, ಅಲ್ಲಿ ರಾಜರನ್ನು ಹುಗಿಯುವ ಜಾಗ ಬೇರೆಯೇ ಇತ್ತು. ದಾರಿಯಲ್ಲಿ ಸಿರಿಯಾದ ಹತ್ತಿರ ಅವನ ಸೇನಾಪತಿ ಟಾಲೆಮಿ, ಆಗ ಈಜಿಪ್ಟ್ ನೋಡಿಕೊಳ್ತಿದ್ದವ, ಸೈನ್ಯ ತಕೊಂಡು ಬಂದು ರಥವನ್ನೇ ಈಜಿಪ್ಟಿಗೆ ತಿರುಗಿಸಿಕೊಂಡು ಹೋದ. ಯಾಕೆ ಅಂದ್ರೆ ಸತ್ತ ರಾಜನ ಅಂತ್ಯಕ್ರಿಯೆ ಮಾಡುವವನೇ ಮುಂದಿನ ರಾಜ ಅಂತ ಅವರಲ್ಲಿ ಪದ್ಧತಿ, ದೇಹ ಯಾರ ಕೈಯಲ್ಲಿ ಉಂಟೋ ಹಕ್ಕು ಅವನದ್ದು. ಇದೇ ಸಿಟ್ಟಿನಲ್ಲಿ, ಅಲೆಕ್ಸಾಂಡರ್ ಸತ್ತ ಮೇಲೆ ರಾಜ್ಯದ ಉಸ್ತುವಾರಿ ನೋಡಿಕೊಳ್ತಿದ್ದ ಸೇನಾಪತಿ ಪೆರ್ಡಿಕಸ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದ, ನೈಲ್ ನದಿ ದಾಟ್ಲಿಕ್ಕಾಗದೆ ಸೈನಿಕರನ್ನು ಕಳಕೊಂಡ, ಕೊನೆಗೆ ಅವನ ಅಧಿಕಾರಿಗಳೇ ಅವನನ್ನು ಕೊಂದುಬಿಟ್ರು. ಒಂದು ಹೆಣಕ್ಕಾಗಿ ಒಂದು ಯುದ್ಧ ನಡೆದುಹೋಯ್ತು.

ದೇಹ ಮೊದಲು ಮೆಂಫಿಸಿನಲ್ಲಿತ್ತು, ಆಮೇಲೆ ಅಲೆಕ್ಸಾಂಡ್ರಿಯಾಕ್ಕೆ ಬಂತು. ನಾಲ್ಕನೇ ಟಾಲೆಮಿ ದೊಡ್ಡ ಸಮಾಧಿಮಂದಿರ ಕಟ್ಟಿಸಿ ಅಲೆಕ್ಸಾಂಡರನನ್ನೂ ತನ್ನ ಹಿರಿಯರನ್ನೂ ಒಂದೇ ಕಡೆ ಇಡಿಸಿದ. ಅದಕ್ಕೆ ಸೋಮ ಅಂತ ಹೆಸರು. ಆ ಮನೆತನಕ್ಕೆ ಇವನೇ ಆಧಾರ, ಇವನ ಹೆಸರಿನಲ್ಲೇ ಅವರು ರಾಜ್ಯ ಆಳಿದ್ದು, ಹಾಗಾಗಿ ಚೆನ್ನಾಗಿ ನೋಡಿಕೊಂಡ್ರು. ಆದ್ರೂ ಕಷ್ಟ ಬಂದಾಗ ಅವರ ಪೈಕಿಯೇ ಒಬ್ಬ ಚಿನ್ನದ ಪೆಟ್ಟಿಗೆಗೆ ಕೈ ಹಾಕಿದ, ಅದನ್ನು ತೆಗೆದು ಗಾಜಿನದ್ದು ಇಟ್ಟ, ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರುವಾಗ ಗಾಜಿನದ್ದೇ ಇದ್ದದ್ದು.

ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರ ತೀರಿಕೊಂಡ್ಲು, ಟಾಲೆಮಿಗಳ ಆಳ್ವಿಕೆ ಮುಗೀತು. ವಾರಸುದಾರರು ಹೋದದ್ದು ಆ ದಿನವೇ. ಅಗಸ್ಟಸ್ ಬಂದು ಚಿನ್ನದ ಕಿರೀಟ ಇಟ್ಟ, ಹೂ ಹಾಕಿದ, ಟಾಲೆಮಿಗಳ ದೇಹವನ್ನೂ ನೋಡ್ತೀರಾ ಅಂತ ಕೇಳಿದ್ದಕ್ಕೆ ನಾನು ಬಂದದ್ದು ರಾಜನನ್ನು ನೋಡ್ಲಿಕ್ಕೆ, ಹೆಣಗಳನ್ನಲ್ಲ ಅಂದ. ರೋಮಿನವರಿಗೆ ಅದು ದೊಡ್ಡವನೊಬ್ಬನ ದರ್ಶನ ಮಾತ್ರ, ಮನೆಯ ಹಿರಿಯನ ಜಾಗ ಅಲ್ಲ. ಚಕ್ರವರ್ತಿ ಕಲಿಗುಲ ಅಲೆಕ್ಸಾಂಡರನ ಎದೆಕವಚ ತರಿಸಿಕೊಂಡ. ಸೆಪ್ಟಿಮಿಯಸ್ ಸೆವೆರಸ್ ಸುಮಾರು 200ನೇ ಇಸವಿಗೆ ಸಮಾಧಿಯನ್ನು ಮುಚ್ಚಿಸಿದ. ಅವನ ಮಗ ಕರಕಲ್ಲ 215ರಲ್ಲಿ ಹೋಗಿ ತನ್ನ ಮೇಲಂಗಿ, ಉಂಗುರ, ಸೊಂಟಪಟ್ಟಿ ಬಿಚ್ಚಿ ಅಲ್ಲಿಟ್ಟು ಬಂದ. ಚಕ್ರವರ್ತಿ ಒಬ್ಬ ಅಲ್ಲಿಗೆ ಹೋದ ಅಂತ ನಮಗೆ ಸಿಗುವ ಬರಹ ಅದೇ ಕೊನೆಯದ್ದು.

ಇನ್ನು ಆ ಪಟ್ಟಣಕ್ಕೆ ಮುಂದೆ ಆದದ್ದು ಕೇಳಿ. 270ರ ದಶಕದಲ್ಲಿ ಚಕ್ರವರ್ತಿ ಔರೇಲಿಯನ್ ಕಾಲದ ಯುದ್ಧದಲ್ಲಿ ಅರಮನೆಯ ಭಾಗವೇ ನಾಶ ಆಯ್ತು. ಅದು ಕಳೆದು ಕಾಲು ಶತಮಾನದಲ್ಲಿ ಡಯೊಕ್ಲೀಷಿಯನ್ ಮುತ್ತಿಗೆ. 365ರ ಜುಲೈ 21ಕ್ಕೆ ಕ್ರೀಟ್ ಹತ್ತಿರ ಭೂಕಂಪ ಆಗಿ ಸುನಾಮಿ, ಹಡಗುಗಳು ಮನೆಯ ಮಾಡಿನ ಮೇಲೆ ಹೋಗಿ ಕೂತವು ಅಂತ ಆ ಕಾಲದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. 390ರ ಸುಮಾರಿಗೆ ಹಳೆ ದೇವಸ್ಥಾನಗಳೆಲ್ಲ ಮುಚ್ಚಿದವು, ದೊಡ್ಡ ಸೆರಾಪಿಸ್ ಗುಡಿಯನ್ನೇ ಕೆಡವಿದ್ರು. ಅದೇ ಕಾಲದಲ್ಲಿ ಕ್ರೈಸ್ತ ಧರ್ಮಗುರು ಜಾನ್ ಕ್ರಿಸೋಸ್ಟಮ್ ಪ್ರವಚನದಲ್ಲಿ, ಅಲೆಕ್ಸಾಂಡರನ ಸಮಾಧಿ ಎಲ್ಲಿ, ತೋರಿಸಿ ನೋಡುವಾ ಅಂತ ಕೇಳ್ತಾನೆ, ಅವನ ಜನಕ್ಕೇ ಗೊತ್ತಿಲ್ಲ ಅಂತ ಹೇಳ್ತಾನೆ. ಕರಕಲ್ಲ ಹೋದದ್ದರಿಂದ ಇಲ್ಲಿವರೆಗೆ ಲೆಕ್ಕ ಹಾಕಿ, ಇನ್ನೂರು ವರ್ಷವೂ ಆಗ್ಲಿಲ್ಲ. ರಾಜಮನೆತನ ಇಲ್ಲ, ಚಕ್ರವರ್ತಿಗಳಿಗೆ ಹೊಸ ಧರ್ಮ ಬಂತು, ಬಿದ್ದ ಗೋಡೆ ಎತ್ತಿ ಕಟ್ಟಬೇಕು ಅಂತ ಯಾರಿಗೂ ಅನ್ನಿಸ್ಲಿಲ್ಲ. ಬಿದ್ದ ಕಲ್ಲನ್ನು ಜನ ಮನೆ ಕಟ್ಟಲಿಕ್ಕೆ ಕೊಂಡುಹೋಗಿಯೇ ಹೋಗ್ತಾರೆ, ಅದು ಎಲ್ಲ ಊರಿನಲ್ಲೂ ನಡೆಯುವಂಥದ್ದು.

ಹಡಗಿನವ ಮಂಜೇಶ್ವರ:

ಮಾಷ್ಟ್ರು ಹೇಳಿದ್ದು ಸರಿ. ನಾನು ಮರ್ಚೆಂಟ್ ನೇವಿಯಲ್ಲಿದ್ದವ, ಅಲೆಕ್ಸಾಂಡ್ರಿಯಾ ಪೋರ್ಟಿಗೆ ಹಡಗು ಹೋದಾಗ ಶೋರ್ ಲೀವ್ ಸಿಕ್ಕಿದ್ರೆ ಪೇಟೆ ಸುತ್ತುತ್ತಿದ್ದೆ. ಅಲ್ಲಿಗೆ ಹೋದವರಿಗೆ ಇನ್ನೊಂದು ವಿಷಯ ಕಣ್ಣಿಗೇ ಕಾಣ್ತದೆ, ಏನಂದ್ರೆ ಅಗೆಯಲಿಕ್ಕೆ ಜಾಗವೇ ಇಲ್ಲ. ಹಳೆ ಪಟ್ಟಣದ ಮೇಲೆಯೇ ಹೊಸ ಪಟ್ಟಣ ಕೂತಿದೆ, ಎಂಟು ಹತ್ತು ಮಾಳಿಗೆಯ ಬಿಲ್ಡಿಂಗು, ಟ್ರಾಮ್ ಲೈನು, ಕೆಳಗೆ ಹೋದ ಹಾಗೆ ನೀರು ಒಸರ್ತದೆ. ಅರಮನೆಯ ಒಂದಷ್ಟು ಭಾಗ ಭೂಮಿ ಕುಸಿದು ಬಂದರಿನ ನೀರಿನ ಅಡಿಗೇ ಹೋಗಿದೆ, ಫ್ರಾಂಕ್ ಗಾಡಿಯೋ ಅಂತ ಫ್ರಾನ್ಸಿನವರು 1990ರ ದಶಕದಿಂದ ಮುಳುಗಿ ಮುಳುಗಿ ಪ್ರತಿಮೆ, ಕಂಬ ಎಲ್ಲ ಪತ್ತೆ ಮಾಡಿದ್ದಾರೆ.

ಅಲ್ಲಿ ಸಿಕ್ಕಿದ ದೊಡ್ಡ ದೊಡ್ಡ ವಸ್ತುಗಳೆಲ್ಲ ಸಿಕ್ಕಿದ್ದು ಹುಡುಕಿ ಅಲ್ಲ ನೋಡಿ. ಕೋಮ್ ಎಲ್ ಶೊಕಾಫ ಅಂತ ನೆಲದಡಿಯ ಸಮಾಧಿ ಉಂಟು, ಮೂರು ಮಾಳಿಗೆ ಕೆಳಗೆ ಹೋಗ್ತದೆ, 1900ರಲ್ಲಿ ಒಂದು ಕತ್ತೆ ನೆಲ ಕುಸಿದು ಒಳಗೆ ಬಿದ್ದದ್ದರಿಂದ ಅದು ಬೆಳಕಿಗೆ ಬಂತು ಅಂತ ಅಲ್ಲಿಯ ಗೈಡುಗಳೆಲ್ಲ ಹೇಳ್ತಾರೆ. ರೋಮನ್ ಕಾಲದ ರಂಗಮಂದಿರ 1960ರ ಹೊತ್ತಿಗೆ ಕಟ್ಟಡಕ್ಕೆ ಪಾಯ ತೋಡುವಾಗ ಸಿಕ್ಕಿತು. ಹಾಗಾಗಿ ನಾಳೆ ಯಾವುದೋ ಫ್ಲ್ಯಾಟಿನ ಪಾರ್ಕಿಂಗಿಗೆ ತೋಡುವಾಗ ಸೋಮ ಸಿಕ್ಕಿದ್ರೆ ನನಗೆ ಏನೂ ಆಶ್ಚರ್ಯ ಇಲ್ಲ.

ನಬಿ ದಾನಿಯಲ್ ಅಂತ ಒಂದು ಬೀದಿ, ಅದೇ ಹೆಸರಿನ ಮಸೀದಿಯೂ ಉಂಟು. ಅದರ ಅಡಿಯಲ್ಲೇ ಅಲೆಕ್ಸಾಂಡರ್ ಇರುದು ಅಂತ ಊರಿನಲ್ಲಿ ಮಾತು. 1850ರ ದಶಕದಲ್ಲಿ ಅಲ್ಲಿನ ರಷ್ಯನ್ ಕಾನ್ಸುಲೇಟಿನಲ್ಲಿ ದುಭಾಷಿ ಆಗಿದ್ದವ ಒಬ್ಬ, ನಾನು ಕೆಳಗೆ ಇಳಿದು ಮರದ ಬಾಗಿಲಿನ ಸಂದಿಯಿಂದ ಗಾಜಿನ ಪೆಟ್ಟಿಗೆಯಲ್ಲಿ ಕಿರೀಟ ಇಟ್ಟ ದೇಹ ನೋಡಿದೆ ಅಂತ ಹೇಳಿಕೊಂಡ. ಟ್ರಾಯ್ ಪಟ್ಟಣ ಅಗೆದ ಶ್ಲೀಮನ್ ಕೂಡ 1888ರಲ್ಲಿ ಆ ಮಸೀದಿಯ ಅಡಿ ಅಗೆಯಲಿಕ್ಕೆ ಪರ್ಮಿಷನ್ ಕೇಳಿದ, ಸಿಗ್ಲಿಲ್ಲ. ಆಮೇಲೆ ತಜ್ಞರು ನೋಡಿದ್ದಾರೆ, ಅಲ್ಲಿ ಅಲೆಕ್ಸಾಂಡರನದ್ದು ಅಂತ ಹೇಳುವಂಥದ್ದು ಏನೂ ಇಲ್ಲ.

ಇನ್ನೊಂದು ಮಸೀದಿಯಲ್ಲಿ, ಅತ್ತರೀನ್ ಅಂತ, ಏಳು ಟನ್ ತೂಗುವ ದೊಡ್ಡ ಕಲ್ಲಿನ ಶವಪೆಟ್ಟಿಗೆ ಇತ್ತು. ನೆಪೋಲಿಯನ್‍ನ ಕಡೆಯವರು 1798ರಲ್ಲಿ ಬಂದಾಗ ಅದನ್ನು ಅಲೆಕ್ಸಾಂಡರನದ್ದು ಅಂತ ತಕೊಂಡ್ರು, ಅವರು ಸೋತ ಮೇಲೆ ಇಂಗ್ಲಿಷರು ಕೊಂಡುಹೋದ್ರು, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಉಂಟು. ಚಿತ್ರಲಿಪಿ ಓದ್ಲಿಕ್ಕೆ ಬಂದ ಮೇಲೆ ಗೊತ್ತಾಯ್ತು, ಅದು ಎರಡನೇ ನೆಕ್ಟನೆಬೋ ಅನ್ನುವ ರಾಜನಿಗೆ ಮಾಡಿಸಿದ್ದು, ಈಜಿಪ್ಟಿನ ಸ್ವಂತ ರಾಜರಲ್ಲಿ ಅವನೇ ಕೊನೆಯವ. ಮಧ್ಯೆ ಯಾವಾಗಲೋ ಅಡಿಯಲ್ಲಿ ತೂತು ಕೊರೆದು ಅದನ್ನು ಸ್ನಾನದ ತೊಟ್ಟಿ ಮಾಡಿಕೊಂಡಿದ್ರು, ಆ ತೂತುಗಳು ಈಗಲೂ ಕಾಣ್ತವೆ. ಮಾಷ್ಟ್ರು ಹೇಳಿದ ಹಾಗೆ, ವಾರಸುದಾರ ಇಲ್ಲದ ಮೇಲೆ ರಾಜನ ಪೆಟ್ಟಿಗೆಗೂ ಇದೇ ಗತಿ ಆದದ್ದು ನೋಡಿ ನನಗೆ ತುಂಬ ಬೇಜಾರಾಗಿತ್ತು.

ಬಾಯಾರಿನ ಹುಡುಗ:

ಕ್ಲಿಯೋಪಾತ್ರಳ ಸುರಂಗದ ಪ್ರಶ್ನೆಗೆ ನಾನು ಹೇಳ್ತೇನೆ, ಯಾಕೆಂದ್ರೆ ನಮ್ಮ ಅಜ್ಜನ ಕಾಲದಿಂದ ಮನೆಯವರಿಗೆ ಸುರಂಗ ತೋಡಿಯೇ ಗೊತ್ತು, ತೋಟಕ್ಕೆ ಇವತ್ತಿಗೂ ನೀರು ಬರುದು ಗುಡ್ಡೆಗೆ ಕೊರೆದ ಸುರಂಗದಿಂದಲೇ.

ಆ ಜಾಗದ ಹೆಸರು ತಪೊಸಿರಿಸ್ ಮಾಗ್ನಾ, ಅಲೆಕ್ಸಾಂಡ್ರಿಯಾದಿಂದ ಪಶ್ಚಿಮಕ್ಕೆ ಸುಮಾರು 45 ಕಿಲೋಮೀಟರ್. ಕ್ಯಾಥ್ಲೀನ್ ಮಾರ್ಟಿನೆಜ್ ಅಂತ ಡೊಮಿನಿಕನ್ ರಿಪಬ್ಲಿಕ್ಕಿನವರು, ಲಾಯರ್ ಆಗಿದ್ದವರು, 2005ರಿಂದ ಅಲ್ಲಿ ಅಗೆಸ್ತಾ ಇದ್ದಾರೆ. ಕ್ಲಿಯೋಪಾತ್ರ ತನ್ನನ್ನು ಐಸಿಸ್ ದೇವಿ ಅಂತಲೂ ತನ್ನ ಜೊತೆಗಾರ ರೋಮನ್ ಸೇನಾಪತಿ ಆಂಟನಿಯನ್ನು ಐಸಿಸಳ ಗಂಡ ಒಸಿರಿಸ್ ದೇವರು ಅಂತಲೂ ತೋರಿಸಿಕೊಳ್ತಿದ್ಲು, ಈ ದೇವಸ್ಥಾನ ಒಸಿರಿಸ್‍ಗೆ ಸಂಬಂಧಪಟ್ಟದ್ದು, ಹಾಗಾಗಿ ಇಲ್ಲಿಯೇ ಗುಟ್ಟಾಗಿ ಹುಗಿದಿರಬೇಕು ಅಂತ ಅವರ ವಾದ. ಕ್ಲಿಯೋಪಾತ್ರಳ ಮುಖ ಇರುವ ನಾಣ್ಯ ಸಿಕ್ಕಿದೆ, ಹತ್ತಿರದಲ್ಲಿ ಮಮ್ಮಿಗಳು ಸಿಕ್ಕಿವೆ. ಇಷ್ಟು ವರ್ಷ ಹಟ ಬಿಡದೆ ಕೆಲಸ ಮಾಡಿದ್ದಕ್ಕೆ ಅವರ ಬಗ್ಗೆ ನನಗೆ ಗೌರವ ಉಂಟು. ಅವರು ಹೋಗುವ ಮೊದಲು ಆ ಜಾಗದ ಬಗ್ಗೆ ನಮಗೆ ಗೊತ್ತಿದ್ದದ್ದು ಕಡಿಮೆ.

2022ರಲ್ಲಿ ಸುರಂಗ ಸಿಕ್ಕಿತು ಅಂತ ಸುದ್ದಿ ಬಂತು. 1,305 ಮೀಟರ್ ಉದ್ದ, ನೆಲದಿಂದ 13 ಮೀಟರ್ ಕೆಳಗೆ, ಸುಮಾರು 2 ಮೀಟರ್ ಎತ್ತರ, ಒಂದಷ್ಟು ಭಾಗ ನೀರಿನಲ್ಲಿ ಮುಳುಗಿದೆ. ವಿಡಿಯೋದವರು ಇಷ್ಟು ಹೇಳಿ ಬಿಡ್ತಾರೆ. ಆದ್ರೆ ಆಗ ಬಂದ ಹೇಳಿಕೆಯಲ್ಲೇ ಅದನ್ನು ಗ್ರೀಸಿನ ಸಾಮೋಸ್ ದ್ವೀಪದ ಯುಪಲಿನೋಸ್ ಸುರಂಗಕ್ಕೆ ಹೋಲಿಸಿದ್ದು. ಸಾಮೋಸಿನ ಸುರಂಗ ಎಂತಕ್ಕೆ ಮಾಡಿದ್ದು? ಕ್ರಿ.ಪೂ. ಆರನೇ ಶತಮಾನದಲ್ಲಿ ಬೆಟ್ಟದ ಆಚೆಯ ನೀರನ್ನು ಪಟ್ಟಣಕ್ಕೆ ತರ್ಲಿಕ್ಕೆ. 1,036 ಮೀಟರ್, ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸಿದ್ದು, ಅದು ಅದ್ಭುತ ಕೆಲಸ, ಮನೆಯಲ್ಲಿ ಸುರಂಗ ಇದ್ದವರಿಗೆ ಅದರ ಕಷ್ಟ ಗೊತ್ತಾಗ್ತದೆ, ಒಳಗೆ ಹೋದ ಹಾಗೆ ಗಾಳಿ ಕಡಿಮೆ ಆಗ್ತದೆ, ದೀಪ ಮಂಕಾದ್ರೆ ಹೊರಗೆ ಬರಬೇಕು, ನೀರು ತಾನಾಗಿ ಹರಿದು ಬರಬೇಕಾದ್ರೆ ಇಳಿಜಾರು ಸ್ವಲ್ಪ ಸ್ವಲ್ಪವೇ ಇರಬೇಕು, ಹೆಚ್ಚಾದ್ರೂ ಕೆಡ್ತದೆ ಕಡಿಮೆಯಾದ್ರೂ ಕೆಡ್ತದೆ.

ಹಾಗಾಗಿ ನನ್ನ ತಿಳುವಳಿಕೆಗೆ ಬರುದು ಇಷ್ಟೇ, ಇಷ್ಟು ಉದ್ದದ ಸುರಂಗ ಕಂಡ್ರೆ ಮೊದಲು ನೀರಿನ ಲೆಕ್ಕ ಹಾಕಬೇಕು. ಸಮಾಧಿಗೆ ಹೋಗುವ ದಾರಿ ಅಂತ ಹೇಳ್ಲಿಕ್ಕೆ ಆ ಸುರಂಗದಲ್ಲಿ ಏನೂ ಸಿಕ್ಕಿಲ್ಲ.

ಮತ್ತೆ ಹಳೆ ಕಾಲದ ಗ್ರೀಕ್ ಲೇಖಕ ಪ್ಲುಟಾರ್ಕ್ ಏನು ಹೇಳ್ತಾನೆ ಅಂತಲೂ ನೋಡಬೇಕು. ಕ್ಲಿಯೋಪಾತ್ರ ಮೊದಲೇ ತನಗೆ ಸಮಾಧಿ ಕಟ್ಟಿಸಿದ್ಲು, ಐಸಿಸ್ ಗುಡಿಯ ಹತ್ತಿರ. ಕೊನೆಗೆ ಅದರೊಳಗೇ ಇಬ್ಬರು ಸೇವಕಿಯರ ಜತೆ ಬಾಗಿಲು ಹಾಕಿಕೊಂಡು ಕೂತಳು, ಗಾಯ ಆದ ಆಂಟನಿಯನ್ನು ಹಗ್ಗ ಕಟ್ಟಿ ಮೇಲಿನ ಕಿಟಿಕಿಯಿಂದ ಒಳಗೆ ಎಳಕೊಂಡ್ರು. ಅವಳು ಸತ್ತ ಮೇಲೆ ಇಬ್ಬರನ್ನೂ ಜತೆಯಲ್ಲಿ ಹುಗಿಯಲಿಕ್ಕೆ ಆಕ್ಟೇವಿಯನ್, ಅಂದ್ರೆ ಮುಂದೆ ಅಗಸ್ಟಸ್ ಆದವ, ಒಪ್ಪಿಗೆ ಕೊಟ್ಟ, ಅರ್ಧಕ್ಕೆ ನಿಂತ ಸಮಾಧಿಯನ್ನು ಪೂರ್ತಿ ಮಾಡಿಸಿದ ಅಂತ ರೋಮನ್ ಲೇಖಕ ಸ್ವೆಟೋನಿಯಸ್ ಬರೆದಿದ್ದಾನೆ. ಇದೆಲ್ಲ ನಡೆದದ್ದು ಅಲೆಕ್ಸಾಂಡ್ರಿಯಾದಲ್ಲಿ. ಗೆದ್ದವನೇ ಸಾರ್ವಜನಿಕವಾಗಿ ಮಾಡಿಸಿದ ಅಂತ್ಯಕ್ರಿಯೆಯ ದೇಹ 45 ಕಿಲೋಮೀಟರ್ ದೂರಕ್ಕೆ ಗುಟ್ಟಾಗಿ ಹೋಯ್ತು ಅನ್ಲಿಕ್ಕೆ ಗಟ್ಟಿ ಸಾಕ್ಷಿ ಬೇಕು. ನನಗೆ ಹಡಗಿನವ ಅಣ್ಣ ಹೇಳಿದ ನೀರಿನಡಿಯ ಭಾಗವೇ ಹೆಚ್ಚು ಸಾಧ್ಯತೆ ಅಂತ ಕಾಣುದು.

ನೀರ್ಚಾಲು ಟೀಚರ್:

ಮಾಷ್ಟ್ರ ವಾರಸುದಾರರ ಮಾತಿಗೆ ನಾನು ಒಂದು ಸೇರಿಸ್ತೇನೆ. ಕೆಲವು ಸಲ ನೋಡಿಕೊಳ್ಳುವವರು ಇದ್ದದ್ದರಿಂದಲೇ ಸಮಾಧಿ ತಪ್ಪಿಹೋಗ್ತದೆ. ಈಜಿಪ್ಟಿನ ಫೇರೋಗಳ ಕತೆ ಅದೇ.

ರಾಜರ ಕಣಿವೆಯ ಸಮಾಧಿಗಳನ್ನೆಲ್ಲ ಕಳ್ಳರು ಒಡೆಯಲಿಕ್ಕೆ ಶುರು ಮಾಡಿದಾಗ, ಸುಮಾರು ಮೂರು ಸಾವಿರ ವರ್ಷದ ಹಿಂದೆ, ಅಲ್ಲಿಯ ಪುರೋಹಿತರು ರಾಜರ ದೇಹಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಹರಿದ ಬಟ್ಟೆ ಬಿಚ್ಚಿ ಹೊಸದು ಸುತ್ತಿ, ಇವ ಇಂಥವ ಅಂತ ಮೇಲೆ ಬರೆದು, ದೇರ್ ಎಲ್ ಬಹ್ರಿ ಹತ್ತಿರದ ಬಂಡೆಯ ಒಂದು ಗುಂಡಿಯಲ್ಲಿ ಎಲ್ಲರನ್ನೂ ಒಟ್ಟಿಗೆ ಇಟ್ರು. 1881ರಲ್ಲಿ ಅಧಿಕಾರಿಗಳು ಒಳಗೆ ಹೋಗಿ ನೋಡುವಾಗ ಎರಡನೇ ರಾಮ್ಸೆಸ್, ಸೇತಿ, ಮೂರನೇ ಥುಟ್ಮೋಸ್, ಒಬ್ಬರ ಪಕ್ಕ ಒಬ್ಬರು. ಅದಕ್ಕೂ ಹತ್ತು ವರ್ಷ ಮೊದಲೇ ಹತ್ತಿರದ ಹಳ್ಳಿಯ ಒಂದು ಮನೆಯವರಿಗೆ ಆ ಜಾಗ ಗೊತ್ತಿತ್ತು, ಬೇಕಾದಾಗ ಒಂದೊಂದು ವಸ್ತು ತೆಗೆದು ಮಾರ್ತಿದ್ರು, ಮಾರುಕಟ್ಟೆಯಲ್ಲಿ ರಾಜರ ಹೆಸರಿನ ಸಾಮಾನು ಕಂಡೇ ಸರಕಾರದವರಿಗೆ ಸಂಶಯ ಬಂದದ್ದು. ಆ ಪುರೋಹಿತರನ್ನು ನೆನೆಸಿದ್ರೆ ನನಗೆ ಮನಸ್ಸು ತುಂಬಿ ಬರ್ತದೆ, ರಾಜ್ಯ ಬಡವಾಗಿತ್ತು, ಸಮಾಧಿ ಉಳಿಸ್ಲಿಕ್ಕೆ ಆಗುದಿಲ್ಲ ಅಂತ ಗೊತ್ತಿತ್ತು, ದೇಹವನ್ನಾದ್ರೂ ಉಳಿಸುವಾ ಅಂತ ಹೊರಟ್ರು, ಉಳಿಸಿದ್ರು.

ಹೀಗೆ ದೇಹ ಒಂದು ಕಡೆ ಸಮಾಧಿ ಒಂದು ಕಡೆ ಆಯ್ತು. ಎರಡನೇ ಥುಟ್ಮೋಸ್ ನೋಡಿ, ಅವನದ್ದು ಅಂತ ಹೇಳುವ ದೇಹ 1881ರಿಂದ ನಮ್ಮ ಕೈಯಲ್ಲುಂಟು, ಸಮಾಧಿ ಎಲ್ಲಿ ಅಂತ ಗೊತ್ತೇ ಇರ್ಲಿಲ್ಲ. ಅದು ಸಿಕ್ಕಿದ್ದು ಘೋಷಣೆ ಆದದ್ದು 2025ರ ಫೆಬ್ರವರಿಯಲ್ಲಿ, ಈಜಿಪ್ಟ್ ಮತ್ತು ಬ್ರಿಟನ್ನಿನ ತಂಡದ್ದು. 2022ರಲ್ಲಿ ಬಾಗಿಲು ಕಂಡಾಗ ಯಾವುದೋ ರಾಣಿಯದ್ದಿರಬೇಕು ಅಂತ ಎಣಿಸಿದ್ರಂತೆ, ಕಣಿವೆಯಿಂದ 2.4 ಕಿಲೋಮೀಟರ್ ದೂರ ಬೇರೆ. ಒಳಗೆ ನೀಲಿ ಬಣ್ಣದ ಮಾಡಿಗೆ ಹಳದಿ ನಕ್ಷತ್ರ, ಅದು ರಾಜನ ಸಮಾಧಿಯ ಗುರುತು. ಒಡೆದ ಜಾಡಿಯ ತುಂಡಿನಲ್ಲಿ ಅವನ ಹೆಸರೂ ರಾಣಿ ಹತ್ಶೆಪ್ಸುತಳ ಹೆಸರೂ ಇತ್ತು. ಮೇಲಿಂದ ಮಳೆನೀರು ಬೀಳುವ ಜಾಗದಲ್ಲಿ ಕೊರೆಸಿದ್ರಿಂದ ಸ್ವಲ್ಪ ಸಮಯದಲ್ಲೇ ನೆರೆ ನುಗ್ಗಿ ಒಳಗಿನದ್ದನ್ನು ಆಗಲೇ ಬೇರೆ ಕಡೆಗೆ ಸಾಗಿಸಿದ್ರು ಅಂತ ತಂಡದವರ ಅಭಿಪ್ರಾಯ. 1922ರಲ್ಲಿ ಟುಟನ್‍ಖಾಮನ್ ಸಿಕ್ಕಿದ ಮೇಲೆ ಆ ವಂಶದ ರಾಜನ ಸಮಾಧಿ ಸಿಕ್ಕಿದ್ದು ಇದೇ ಮೊದಲು.

ಈಜಿಪ್ಟಿನ ರಾಣಿ ನೆಫರ್ಟೀಟಿಯದ್ದು ಮಾತ್ರ ಇನ್ನೂ ಸಿಗ್ಲಿಲ್ಲ. ಟುಟನ್‍ಖಾಮನ್ ಸಮಾಧಿಯ ಗೋಡೆಯ ಹಿಂದೆ ಕೋಣೆ ಉಂಟು, ಅವಳು ಅಲ್ಲಿದ್ದಾಳೆ ಅಂತ 2015ರಲ್ಲಿ ನಿಕೊಲಸ್ ರೀವ್ಸ್ ಅನ್ನುವ ತಜ್ಞರು ಹೇಳಿದ್ರು, ಪ್ರಪಂಚವೆಲ್ಲ ಕಾದು ಕೂತಿತ್ತು. 2018ರಲ್ಲಿ ಇಟೆಲಿಯ ತಂಡ ರೇಡಾರ್ ಹಾಕಿ ನೋಡಿ, ಹಿಂದೆ ಕೋಣೆ ಇಲ್ಲ ಅಂತ ಹೇಳಿತು. ಕ್ಲಾಸಿನಲ್ಲಿ ಈ ಉದಾಹರಣೆ ಕೊಡಿ ಓದುಗರೇ, ಮಕ್ಕಳಿಗೆ ವಿಜ್ಞಾನದ ರೀತಿಯೂ ಗೊತ್ತಾಗ್ತದೆ.

ಕುಂಬಳೆ ಕೋಟೆ:

ನೀವೆಲ್ಲ ಈಜಿಪ್ಟ್ ಗ್ರೀಸ್ ಅಂತ ಹೋದ್ರಿ, ನಾನು ಸ್ವಲ್ಪ ಊರಿಗೆ ಕರಕೊಂಡು ಬರ್ತೇನೆ.

ನಮ್ಮ ದೇಶದಲ್ಲಿ ಅಶೋಕನ ಸಮಾಧಿ ಎಲ್ಲಿ ಅಂತ ಹುಡುಕಿ ಪ್ರಯೋಜನ ಇಲ್ಲ, ಸುಡುವ ಪದ್ಧತಿ. ಚಂದ್ರಗುಪ್ತ ಮೌರ್ಯ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ಮಾಡಿದ ಅಂತ ಜೈನ ಪರಂಪರೆ ಹೇಳ್ತದೆ, ಅಲ್ಲಿ ನಾವು ನೋಡುದು ಚಿಕ್ಕಬೆಟ್ಟದ ಗುಹೆ, ಭದ್ರಬಾಹುವಿನ ಪಾದ, ಚಂದ್ರಗುಪ್ತ ಬಸದಿ. ಬುದ್ಧನದ್ದು ಬೇರೆ, ದಹನ ಆದ ಮೇಲೆ ಅಸ್ಥಿಯನ್ನು ಎಂಟು ಪಾಲು ಮಾಡಿದ್ರು. ನೇಪಾಳದ ಗಡಿ ಹತ್ತಿರ ಪಿಪ್ರಾಹ್ವದಲ್ಲಿ 1898ರಲ್ಲಿ ಪೆಪ್ಪೆ ಅನ್ನುವ ಜಮೀನ್ದಾರ ಸ್ತೂಪ ಅಗೆದಾಗ ಕಲ್ಲಿನ ಪೆಟ್ಟಿಗೆಯಲ್ಲಿ ಅಸ್ಥಿ, ರತ್ನ ಎಲ್ಲ ಸಿಕ್ಕಿತು. ಅವರ ವಂಶದವರ ಹತ್ತಿರ ಉಳಿದಿದ್ದ ರತ್ನಗಳನ್ನು 2025ರಲ್ಲಿ ಹಾಂಗ್‍ಕಾಂಗಿನಲ್ಲಿ ಹರಾಜಿಗಿಡ್ಲಿಕ್ಕೆ ಹೊರಟಿದ್ರು, ನಮ್ಮ ಸರಕಾರ ಆಕ್ಷೇಪ ಮಾಡಿ ನಿಲ್ಲಿಸಿತು, ಅದೇ ಜುಲೈಯಲ್ಲಿ ಅವು ವಾಪಾಸು ಬಂದವು. ಆ ಎಂಟು ಪಾಲಿನಲ್ಲಿ ಒಂದನ್ನು ಇಟ್ಟದ್ದು ಅಂತ ಹೇಳುವ ರಾಮಗ್ರಾಮದ ಸ್ತೂಪವನ್ನು ಇವತ್ತಿಗೂ ತೆರೆದಿಲ್ಲ ಅಂತಲೇ ನೇಪಾಳದವರು ಕಾಪಾಡ್ತಾ ಇದ್ದಾರೆ. ಮಾಷ್ಟ್ರು ಹೇಳಿದ ವಾರಸುದಾರಿಕೆ ಅಂದ್ರೆ ಇದೇ ಅಂತ ನನಗೆ ಅನ್ನಿಸ್ತದೆ.

ಈಗ ಕಾಸರಗೋಡಿನ ವಿಷಯ. ಅಲ್ಲಿ ಹೆಸರುಂಟು, ಸಮಾಧಿ ಇಲ್ಲ. ನಮ್ಮಲ್ಲಿ ಸಮಾಧಿ ಉಂಟು, ಯಾರದ್ದು ಅಂತ ಗೊತ್ತಿಲ್ಲ. ಮುರಕಲ್ಲಿನ ನೆಲದಲ್ಲಿ ಕೊರೆದ ಗುಹೆಗಳು, ಮೇಲೆ ಒಬ್ಬ ಇಳಿಯುವಷ್ಟು ದುಂಡಗಿನ ತೂತು, ಪಕ್ಕದಲ್ಲಿ ಚೌಕದ ಬಾಗಿಲು, ಒಳಗೆ ಅರ್ಧಗೋಲದ ಕೋಣೆ, ಕಾಲಿರುವ ಮಣ್ಣಿನ ಪಾತ್ರೆ, ಕೆಲವದರಲ್ಲಿ ಕಬ್ಬಿಣದ ಸಾಮಾನು. ಮಲಯಾಳದಲ್ಲಿ ಮುನಿಯರ ಅಂತಾರೆ, ಋಷಿಗಳು ತಪಸ್ಸು ಮಾಡಿದ ಜಾಗ ಅಂತ ನಂಬಿಕೆ. ಅದು ಬೃಹತ್ ಶಿಲಾಯುಗದ ಕಾಲದ ಸಮಾಧಿ, ಎರಡು ಸಾವಿರ ವರ್ಷಕ್ಕೂ ಹಳೆಯದ್ದು. ಅಂದ್ರೆ ಅಲೆಕ್ಸಾಂಡರನಿಗೆ ಅಲ್ಲಿ ಸೋಮ ಕಟ್ಟಿದ ಕಾಲಕ್ಕೆ ಆಚೆ ಈಚೆ, ಇಲ್ಲಿ ನಮ್ಮ ಗುಡ್ಡೆಗಳಲ್ಲಿ ಯಾರೋ ತಮ್ಮವರಿಗಾಗಿ ಉಳಿಯಲ್ಲಿ ಕಲ್ಲು ಕೊರೀತಾ ಇದ್ರು.

ಇವು ಸಿಕ್ಕುದು ಯಾವಾಗ? ರಸ್ತೆ ಅಗಲ ಮಾಡುವಾಗ, ಕಲ್ಲಿನ ಕೋರೆಯಲ್ಲಿ, ಮನೆಗೆ ಜಾಗ ತಟ್ಟು ಮಾಡುವಾಗ ಜೆಸಿಬಿ ಬಾಯಿಗೆ. ಕೆಲವರು ನಿಧಿ ಉಂಟು ಅಂತ ರಾತ್ರಿ ಅಗೆದು ಪಾತ್ರೆ ಒಡೆದು ಹಾಕ್ತಾರೆ, ಇನ್ನು ಕೆಲವರು ಕೆಲಸ ನಿಲ್ತದೆ ಅಂತ ಹೆದರಿ ಮಣ್ಣು ತುಂಬಿಸಿ ಮುಚ್ಚಿಬಿಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೇರಳದಲ್ಲಿ 1968ರ ನಿಧಿ ಕಾನೂನು ಉಂಟು, ಇಂಥದ್ದು ಸಿಕ್ಕಿದ್ರೆ ಕಲೆಕ್ಟರಿಗೆ ತಿಳಿಸಬೇಕು. ವಿಲೇಜ್ ಆಫೀಸಿಗೂ ಪುರಾತತ್ವ ಇಲಾಖೆಗೂ ಹೇಳಿ. ಪಾತ್ರೆಯನ್ನು ಎತ್ತಿ ತೊಳೆಯಬೇಡಿ, ಒಳಗಿನ ಮಣ್ಣಿನಲ್ಲೇ ಎಲುಬಿನ ಚೂರು, ಧಾನ್ಯ, ಮಸಿ ಇರುದು, ಕಾಲ ಹೇಳ್ಲಿಕ್ಕೆ ಅದೇ ಬೇಕಾದದ್ದು. ಯಾವ ಪಾತ್ರೆ ಎಲ್ಲಿತ್ತು ಅಂತ ಇದ್ದ ಹಾಗೆಯೇ ಫೋಟೋ ತೆಗೆದಿಡಿ.

ಪೆರ್ಲದ ಓದುಗ:

ಎಲ್ಲರಿಗೂ ತುಂಬ ಉಪಕಾರ. ಮಾಷ್ಟ್ರೇ, ಟೀಚರೇ, ಇಷ್ಟು ವಿವರ ನಾನು ನಿರೀಕ್ಷೆ ಮಾಡಿರ್ಲಿಲ್ಲ. ಕುಂಬಳೆಯವರು ಹೇಳಿದ್ದನ್ನು ಖಂಡಿತ ಮಕ್ಕಳಿಗೆ ಹೇಳ್ತೇನೆ, ಅವರ ಮನೆಯವರಿಗೂ ಮುಟ್ಟಲಿ.

ಮಕ್ಕಳು ಕೇಳಿದ್ರೆ ಉತ್ತರ ಬೇಕು, ಅದಕ್ಕೆ ಇನ್ನೂ ಎರಡು ಕೇಳ್ತೇನೆ. ಇಸ್ತಾಂಬುಲ್ ಮ್ಯೂಸಿಯಮ್ಮಿನಲ್ಲಿ ಅಲೆಕ್ಸಾಂಡರನ ಶವಪೆಟ್ಟಿಗೆ ಉಂಟಂತೆ, ನಾನೇ ಫೋಟೋ ನೋಡಿದ್ದೇನೆ. ಮತ್ತೆ ವೆನಿಸಿನ ಚರ್ಚಿನಲ್ಲಿ ಸಂತ ಮಾರ್ಕನದ್ದು ಅಂತ ಇರುವ ದೇಹ ಅಲೆಕ್ಸಾಂಡರನದ್ದೇ ಅಂತ ಒಬ್ಬರು ಹೇಳಿದ್ರು. ಇದಕ್ಕೆ ಎಂತ ಹೇಳ್ತೀರಿ?

ಬದಿಯಡ್ಕ ಮಾಷ್ಟ್ರು:

ಇಸ್ತಾಂಬುಲಿನದ್ದು ಸಿಕ್ಕಿದ್ದು 1887ರಲ್ಲಿ, ಈಗಿನ ಲೆಬನಾನಿನ ಸಿದೋನಿನಲ್ಲಿ, ಒಸ್ಮಾನ್ ಹಮ್ದಿ ಬೇ ತೆಗೆಸಿದ್ದು. ಮೇಲೆ ಅಲೆಕ್ಸಾಂಡರ್ ಯುದ್ಧ ಮಾಡುದು, ಬೇಟೆಯಾಡುದು ಕೆತ್ತಿದೆ, ಅದಕ್ಕೇ ಆ ಹೆಸರು. ಒಳಗೆ ಇದ್ದವ ಸಿದೋನಿನ ರಾಜ ಅಬ್ದಲೋನಿಮಸ್ ಅಂತ ಹೆಚ್ಚಿನವರ ಅಭಿಪ್ರಾಯ, ಅವನನ್ನು ಪಟ್ಟಕ್ಕೆ ತಂದವರು ಅಲೆಕ್ಸಾಂಡರನ ಕಡೆಯವರು. ಕೆತ್ತನೆಯಲ್ಲಿ ಹಳೆಯ ಬಣ್ಣ ಸ್ವಲ್ಪ ಸ್ವಲ್ಪ ಉಳಿದಿದೆ, ಫೋಟೋ ದೊಡ್ಡದು ಮಾಡಿ ತೋರಿಸಿ.

ವೆನಿಸಿನದ್ದು ಒಬ್ಬ ಇಂಗ್ಲಿಷ್ ಸಂಶೋಧಕರ ವಾದ. 828ರಲ್ಲಿ ವೆನಿಸಿನ ವ್ಯಾಪಾರಿಗಳು ಸಂತ ಮಾರ್ಕನ ದೇಹ ಅಂತ ಅಲೆಕ್ಸಾಂಡ್ರಿಯಾದಿಂದ ಕದ್ದು ಸಾಗಿಸಿದ್ದು ಹೌದು. ಅಲೆಕ್ಸಾಂಡರನ ದೇಹ ಕಾಣದೆ ಹೋದದ್ದೂ ಮಾರ್ಕನ ಸಮಾಧಿಯ ಹೆಸರು ಕೇಳಿಬಂದದ್ದೂ ಒಂದೇ ಕಾಲಕ್ಕೆ, ಹಾಗಾಗಿ ಒಂದೇ ದೇಹಕ್ಕೆ ಹೆಸರು ಬದಲಾಗಿರಬಹುದು ಅಂತ ಅವರ ಲೆಕ್ಕ. ಗೋವಿಂದ ಪೈಗಳು ಒಂದೊಂದು ತೇದಿಗೆ ಎಷ್ಟು ಒದ್ದಾಡಿದ್ರು ಅಂತ ಗೊತ್ತಿರುವ ಊರಿನವರು ನಾವು, ಎರಡು ಘಟನೆ ಹತ್ತಿರ ಹತ್ತಿರ ಬಂದದ್ದನ್ನೇ ಸಾಕ್ಷಿ ಅಂತ ತಕೊಳ್ಳಬಾರದು. ಎಲುಬಿನ ಪರೀಕ್ಷೆ ಆಗುವವರೆಗೆ ಅದೊಂದು ಊಹೆ ಅಂತಲೇ ಮಕ್ಕಳಿಗೆ ಹೇಳಿ. ಪರೀಕ್ಷೆ ಮಾಡಿದ್ರೂ ಸುಲಭ ಇಲ್ಲ, ಗ್ರೀಸಿನ ವೆರ್ಗಿನದಲ್ಲಿ 1977ರಲ್ಲಿ ಅವನ ಅಪ್ಪ ಫಿಲಿಪ್ಪನ ಸಮಾಧಿ ಸಿಕ್ಕಿತು ಅಂತ ಪುರಾತತ್ವ ತಜ್ಞ ಆಂಡ್ರೊನಿಕಸ್ ಘೋಷಣೆ ಮಾಡಿದ್ರಲ್ಲಾ, ಯಾವ ಸಮಾಧಿಯ ಎಲುಬು ಫಿಲಿಪ್ಪನದ್ದು ಅಂತ ವಿದ್ವಾಂಸರ ಚರ್ಚೆ ಈಗಲೂ ಮುಗೀಲಿಲ್ಲ.

ಲೈಬ್ರರಿಯಲ್ಲಿ ಪ್ರೊಜೆಕ್ಟರ್ ಇದ್ರೆ ಒಂದು ಕೆಲಸ ಮಾಡಿ. ಮಹಮೂದ್ ಎಲ್ ಫಲಕಿ ಅಂತ ಈಜಿಪ್ಟಿನ ಇಂಜಿನಿಯರ್ 1866ರಲ್ಲಿ, ಹೊಸ ಪಟ್ಟಣ ಪೂರ್ತಿ ಮುಚ್ಚುವ ಮೊದಲು, ಅಲ್ಲಲ್ಲಿ ಅಗೆದು ನೋಡಿ ಹಳೆ ಅಲೆಕ್ಸಾಂಡ್ರಿಯಾದ ಬೀದಿಗಳ ನಕ್ಷೆ ಮಾಡಿದ್ದಾನೆ, ನೆಟ್ಟಿನಲ್ಲಿ ಸಿಗ್ತದೆ. ಅದನ್ನೂ ಗೂಗಲ್ ಮ್ಯಾಪನ್ನೂ ಪಕ್ಕ ಪಕ್ಕ ಇಟ್ಟು ಮಕ್ಕಳ ಹತ್ತಿರವೇ ಕೇಳಿ, ಅರಮನೆಯ ವಠಾರ ಯಾವುದು, ಎಷ್ಟು ಭಾಗ ನೀರಿನಲ್ಲುಂಟು, ಸೋಮ ಎಲ್ಲಿರಬಹುದು ಅಂತ. ಫಲಕಿ ಗುರುತು ಮಾಡಿದ್ದು ನಬಿ ದಾನಿಯಲ್ ಮಸೀದಿಯ ಹತ್ತಿರ, ಅದನ್ನು ಮೊದಲೇ ಹೇಳಬೇಡಿ, ಅವರು ಕೈ ತೋರಿಸಿದ ಮೇಲೆ ಹೇಳಿ.